ಅವ್ವ ಬಚ್ಚಿಟ್ಟ ಹಗ್ಗ

ಮೊನ್ನೆ ನನಗೊಂದು ಸನ್ಮಾನ ಮಾಡಿದರು. ಬೆಟ್ಟದ ಬುಡದಲ್ಲಿ ಬಂಡೆ ಹತ್ತುವುದನ್ನು ಕಲಿಸಲು ಒಂದು ಗೋಡೆ ಕಟ್ಟಿದ್ದಾರೆ. ಅದರ ಉದ್ಘಾಟನೆಯ ಜೊತೆಗೇ ನಗರಸಭೆಯ ಹಿರಿಯ ಸದಸ್ಯೆ ಅಂತ ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಒಬ್ಬ ಹುಡುಗಿ ಮೈಕಿನಲ್ಲಿ ನನ್ನ ಪರಿಚಯ ಓದಿದಳು. ಬಾಲ್ಯದಿಂದಲೇ ಸಮಾಜಸೇವೆಯನ್ನು ಮೈಗೂಡಿಸಿಕೊಂಡು, ಚಾರಣ ಮತ್ತು ಶಿಲಾರೋಹಣದಲ್ಲಿ ಆಸಕ್ತಿ ಬೆಳೆಸಿಕೊಂಡ ಶ್ರೀಮತಿ ಸಾವಿತ್ರಮ್ಮನವರು ಹನ್ನೆರಡನೇ ವಯಸ್ಸಿನಲ್ಲೇ ಬಂಡೆಯಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿಯ ಪ್ರಾಣ ಉಳಿಸಿದ ಧೀರೆ ಎಂದಳು. ಚಪ್ಪಾಳೆ ಬಿತ್ತು. ನಾನು ಕೈ ಮುಗಿದು ಹಲ್ಲು ಬಿಟ್ಟೆ. ಮನೆಗೆ ಬಂದವಳು ಶಾಲನ್ನು ಕುರ್ಚಿಯ ಮೇಲೆ ಬಿಸಾಡಿ, ಹಣ್ಣಿನ ಬುಟ್ಟಿಯನ್ನು ಪಕ್ಕದ ಮನೆಗೆ ಕಳಿಸಿ, ಅಡುಗೆಮನೆಯಲ್ಲಿ ಒಬ್ಬಳೇ ಕೂತು ಹಲ್ಲು ಕಡಿದೆ. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ, ಕೊಟ್ಟಿದ್ದನ್ನು ಓದಿದಳು. ಬರೆದುಕೊಟ್ಟವರ ಮೇಲೂ ಇಲ್ಲ. ಅವರು ಅದನ್ನು ನನ್ನ ಮೊದಲ ಚುನಾವಣೆಯ ಕರಪತ್ರದಿಂದ ಇಳಿಸಿಕೊಂಡಿದ್ದಾರೆ, ಆ ಕರಪತ್ರ ಬರೆಸಿದವಳು ನಾನೇ. ಮೂರು ಚುನಾವಣೆಗೂ ಅದೇ ಬಂಡೆ, ಅದೇ ಹಗ್ಗ, ಅದೇ ವಿದ್ಯಾರ್ಥಿ. ಅದರಲ್ಲಿ ಒಂದು ಸುಳ್ಳೂ ಇಲ್ಲ. ಆದರೆ ನಮ್ಮವ್ವನನ್ನು ಅದರಿಂದ ತೆಗೆದುಹಾಕಿದ್ದೇನೆ. ಇಷ್ಟು ವರ್ಷವಾದ ಮೇಲಾದರೂ ಅವಳನ್ನು ಅವಳ ಜಾಗದಲ್ಲಿಟ್ಟು ಹೇಳೋಣ ಅಂತ ಕೂತಿದ್ದೇನೆ.

ನಮ್ಮೂರು ಈಗ ರಾಮನಗರದ ಒಂದು ವಾರ್ಡು. ಆಗ ಅದು ಬೇರೆಯೇ ಊರು, ನಾಲ್ಕು ಹೆಜ್ಜೆ ನಡೆದರೆ ಮುಗಿಯುತ್ತಿದ್ದ ಊರು. ನಮ್ಮ ಮನೆ ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತಿತ್ತು. ಹಿತ್ತಲಲ್ಲಿ ನಿಂತು ಕತ್ತೆತ್ತಿದರೆ ಬಂಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮುಂದೆ ಜಗಲಿ, ಒಳಗೆ ನಡುಮನೆ, ನಡುಮನೆಯ ಎಡಕ್ಕೆ ಅಡುಗೆಮನೆ, ಬಲಕ್ಕೆ ಹುಳದ ಕೋಣೆ. ಇದ್ದುದರಲ್ಲಿ ದೊಡ್ಡದು, ತಂಪಾದದ್ದು, ಎತ್ತರದ ಸೂರಿದ್ದದ್ದು ಆ ಕೋಣೆಯೇ. ಅದು ರೇಷ್ಮೆ ಹುಳುಗಳಿಗೆ. ನಾವು ನಡುಮನೆಯಲ್ಲೋ ಜಗಲಿಯಲ್ಲೋ ಜಾಗ ಸಿಕ್ಕಿದ ಕಡೆ ಬಿದ್ದುಕೊಳ್ಳುತ್ತಿದ್ದೆವು. ಕೋಣೆಯ ತುಂಬ ಬಿದಿರಿನ ಅಟ್ಟಣೆ, ಅಟ್ಟಣೆಯ ಮೇಲೆ ಒಂದರ ಮೇಲೊಂದು ಅಗಲವಾದ ಬಿದಿರಿನ ತಟ್ಟೆ, ತಟ್ಟೆಯ ತುಂಬ ಹುಳ. ಇರುವೆ ಹತ್ತಬಾರದು ಅಂತ ಅಟ್ಟಣೆಯ ಒಂದೊಂದು ಕಾಲನ್ನೂ ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸಿರುತ್ತಿದ್ದರು. ಆ ಕೋಣೆಗೆ ಹೋಗಬೇಕಾದರೆ ಕಾಲು ತೊಳೆಯಬೇಕು, ಹೊಸಬರು ಹೋಗಬಾರದು, ಜೋರಾಗಿ ಮಾತಾಡಬಾರದು. ಇದೆಲ್ಲ ಅಪ್ಪನ ತಾಯಿ, ನಮ್ಮಜ್ಜಿಯ ಕಾನೂನು. ಅದರಲ್ಲೆಲ್ಲ ಕಟ್ಟುನಿಟ್ಟಾದದ್ದು ಒಂದಿತ್ತು. ಹೆಣ ಮುಟ್ಟಿದವರು ತಲೆಯ ಮೇಲೆ ಎಷ್ಟು ನೀರು ಹುಯ್ದುಕೊಂಡರೂ ಮೂರು ದಿನ ಹುಳದ ಕೋಣೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ದಾಟಿದರೆ ಹುಳಕ್ಕೆ ರೋಗ ಬಡಿಯುತ್ತದೆ ಅಂತ ಊರೆಲ್ಲ ನಂಬಿತ್ತು. ಅಪ್ಪ ಕೂಡ ಅದೊಂದನ್ನು ಮೀರುತ್ತಿರಲಿಲ್ಲ.

ಅವ್ವ ಮಾಗಡಿ ಕಡೆಯವಳು, ಕಲ್ಯದ ಹೆಣ್ಣು. ಅವಳ ತವರಲ್ಲಿ ಹುಳ ಸಾಕುತ್ತಿರಲಿಲ್ಲ. ಮದುವೆಯಾಗಿ ಬಂದು ಅಜ್ಜಿಯ ಕೈಕೆಳಗೆ ಕಲಿತು, ಕೊನೆಗೆ ಅಜ್ಜಿಯೇ ಅವಳನ್ನು ಕೇಳಿ ಸೊಪ್ಪು ಹಾಕುವ ಮಟ್ಟಕ್ಕೆ ಬಂದಳು. ಹೊರಗೆ ಅವ್ವ ಸಿಡುಕಿ. ಒಲೆಯ ಮುಂದೆ ಸಿಡುಕಿ, ಬಾವಿಯ ಹತ್ತಿರ ಸಿಡುಕಿ, ನನ್ನ ಜಡೆ ಹೆಣೆಯುವಾಗಲಂತೂ ಪ್ರಾಣ ಹಿಂಡುತ್ತಿದ್ದಳು. ಕಾಲು ತೊಳೆದು ಆ ಕೋಣೆಗೆ ಹೋದಳೋ, ದನಿಯೇ ಬೇರೆ, ಕೈಯೇ ಬೇರೆ. ಹುಳ ಜ್ವರಕ್ಕೆ ಕೂತಿವೆ ಅಂತ ನಮ್ಮ ಕಡೆ ಹೇಳುತ್ತೇವೆ, ಪೊರೆ ಬಿಡುವ ಮುಂಚೆ ಅವು ಮೇವು ಬಿಟ್ಟು ತಲೆ ಎತ್ತಿ ಸುಮ್ಮನಿರುತ್ತವೆ. ಆಗ ಅವ್ವ ಅವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಗುವಿಗೆ ಮೈ ಕಾದಿದ್ದರೆ ನೋಡುವ ಹಾಗೆ ನೋಡುತ್ತಿದ್ದಳು. ಗೂಡಿನ ಮಾರ್ಕೆಟ್ಟಿನಲ್ಲಿ, ಗೂಡು ಕೊಂಡು ನೂಲು ಬಿಚ್ಚುವ ಒಬ್ಬ ರೀಲರ್ ಸಾಬರು ನಮ್ಮ ಗೂಡು ಕೈಯಲ್ಲಿ ಹಿಡಿದು, 'ಇದು ಬೆಟ್ಟದ ಬುಡದಮ್ಮನ ಗೂಡಲ್ವಾ' ಅಂದರಂತೆ. ಅಪ್ಪ ಆ ಮಾತನ್ನು ಮನೆಗೆ ತಂದು ಹೇಳಿದ ದಿನ ಅವ್ವ ಎರಡು ಸಲ ಕೇಳಿಸಿಕೊಂಡಳು. 'ಏನಂದ್ರು? ಇನ್ನೊಂದ್ ಸಲ ಹೇಳಿ' ಅಂದಳು. ನನಗೆ ಗೊತ್ತಿದ್ದ ಹಾಗೆ ಅವಳನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ.

ಅಪ್ಪನನ್ನು ಹೊಗಳದ ಬಾಯಿಯೇ ಇರಲಿಲ್ಲ. ಆಂಬುಲೆನ್ಸು, ಫೈರ್ ಇಂಜಿನ್ನು ಯಾವುದೂ ಬರದ ಕಾಲದಲ್ಲಿ ಊರಿಗೆ ಅಪ್ಪನೇ ಎಲ್ಲ. ನಮ್ಮಲ್ಲಿ ಹಿಂದೆ ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುತ್ತಿದ್ದರು. ಪಂಪ್‌ಸೆಟ್ಟು ಬಂದು ಕಪಿಲೆ ನಿಂತ ಮೇಲೆ ಅದರ ದಪ್ಪ ಹಗ್ಗವನ್ನು ಅಪ್ಪ ಸುತ್ತಿ ಜಗಲಿಯ ಗೂಟಕ್ಕೆ ನೇತುಹಾಕಿದ್ದ. ದನ ಬಾವಿಗೆ ಬಿದ್ದರೆ ಆ ಹಗ್ಗ, ಮನುಷ್ಯರು ಬಿದ್ದರೆ ಆ ಹಗ್ಗ, ಕೆರೆಯಲ್ಲಿ ಹೆಣ ತೇಲಿದರೆ ಆ ಹಗ್ಗ. ಚನ್ನಪಟ್ಟಣದ ಕಡೆಯಿಂದೆಲ್ಲ ಸೈಕಲ್ಲಿನಲ್ಲಿ ಕರೆಯಲು ಬರುತ್ತಿದ್ದರು. ಕರೆದರೆ ಅನ್ನದ ಮುಂದೆ ಕೂತಿದ್ದರೂ ಎದ್ದು ಹೋಗುತ್ತಿದ್ದ. ಭಾನುವಾರ ಬಂತೆಂದರೆ ಬೆಂಗಳೂರಿನಿಂದ ಬಂಡೆ ಹತ್ತುವ ಹುಡುಗರು. ಅವರಿಗೆ ದಾರಿ ತೋರಿಸುವುದು, ನೀರು ಹೊತ್ತುಕೊಡುವುದು, ಕಾಲು ಉಳುಕಿದರೆ ಎಣ್ಣೆ ತಿಕ್ಕುವುದು, ಕೊನೆಗೆ ಎಲ್ಲರನ್ನೂ ಮನೆಗೆ ಕರೆತಂದು ಉಣ್ಣಲು ಕೂರಿಸುವುದು. ಒಂದು ಮಾತು ಮುಂಚೆ ಹೇಳಿ ಕಳಿಸಿದ್ದನ್ನು ನಾನು ಕಂಡಿಲ್ಲ. ಸಮಾಜಸೇವೆ ಅಂದರೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ, ನನಗೆ ನೆನಪಾಗುವುದು ಅವ್ವ ಆಗಷ್ಟೇ ತೊಳೆದಿಟ್ಟ ಮಡಕೆಯನ್ನು ಮತ್ತೆ ಒಲೆಯ ಮೇಲಿಟ್ಟು ಎರಡನೇ ಸಲ ಹಿಟ್ಟು ತೊಳಸುವುದು. ಉಂಡವರು ಅಪ್ಪನ ಕೈ ಕುಲುಕಿ ಹೋಗುತ್ತಿದ್ದರು.

ಹುಳ ಹಣ್ಣಾಗುವ ದಿನವೊಂದನ್ನು ಬಿಟ್ಟು ಅವ್ವ ಇದನ್ನೆಲ್ಲ ಸಹಿಸಿದಳು. ಹಣ್ಣಾಗುವುದು ಅಂದರೆ, ಹುಳ ಮೇಯುವುದು ನಿಲ್ಲಿಸಿ, ಮೈ ಹಳದಿಗೆ ತಿರುಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುವ ಹೊತ್ತು. ಆಗ ಅರ್ಧ ದಿನದೊಳಗೆ ಒಂದೊಂದನ್ನೂ ಕೈಯಲ್ಲಿ ಆಯ್ದು ಚಂದ್ರಿಕೆ ಎಂಬ ಬಿದಿರಿನ ಸುರುಳಿ ಚಾಪೆಯ ಮೇಲೆ ಬಿಡಬೇಕು. ತಡವಾದರೆ ಒಣಸೊಪ್ಪಿನ ನಡುವೆಯೋ, ಒಂದರ ಮೈಗೆ ಒಂದು ಅಂಟಿಕೊಂಡೋ ಹೇಗೆಂದರೆ ಹಾಗೆ ನೂಲು ಬಿಟ್ಟು ಹಾಳಾಗುತ್ತವೆ. ಆ ದಿನ ಎಷ್ಟು ಕೈ ಇದ್ದರೂ ಸಾಲದು. ಅದಕ್ಕೇ ನಮ್ಮ ಕಡೆ ಮುಯ್ಯಿ. ಇವತ್ತು ನಿಮ್ಮ ಮನೆಗೆ ನಾವು ಬರುತ್ತೇವೆ, ನಾಳೆ ನಮ್ಮ ಮನೆಗೆ ನೀವು ಬನ್ನಿ. ನಮ್ಮ ಮನೆಯಲ್ಲಿ ಎರಡು ಬೆಳೆ ಸತತವಾಗಿ ಕೆಟ್ಟವು. ಎರಡೂ ಸಲ ಹಣ್ಣಾದ ದಿನವೇ ಅಪ್ಪನಿಗೆ ಯಾರೋ ಕರೆ ಕಳಿಸಿದರು, ಅಪ್ಪನ ಹಿಂದೆ ಮುಯ್ಯಿಗೆ ಬಂದವರಲ್ಲೂ ಅರ್ಧ ಜನ ಎದ್ದು ಹೋದರು.

"ಇದೊಂದಿನ ಮನೇಲಿ ಇರಿ ಅಂದ್ರೆ ಇರಲ್ಲ. ಕಂಡೋರ ದನ ಬಾವಿಗ್ ಬಿದ್ರೆ ಎದ್ದೆನೊ ಬಿದ್ದೆನೊ ಅಂತ ಓಡ್ತೀರಿ" ಅಂದಳು ಅವ್ವ.

"ಪ್ರಾಣ ಕಣಮ್ಮಿ ಅದು. ದನ ಆದ್ರೇನು, ಮನುಸ್ರಾದ್ರೇನು?"

"ನಮ್ ಹುಳಕ್ಕೆ ಪ್ರಾಣ ಇಲ್ವಾ?"

ಅಪ್ಪ ನಕ್ಕ. ನಾನೂ ನಕ್ಕೆ. ಆ ನಗು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತದೆ. ನಕ್ಕು ಮುಗಿಸಿ ಅಪ್ಪ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದ. ಬೆಂಗಳೂರಿನ ಹುಡುಗರಿಗೆ ರಾತ್ರಿ ತಂಗಲು ಊರಿನಲ್ಲಿ ಜಾಗವಿಲ್ಲ, ಆ ದೊಡ್ಡ ಕೋಣೆ ಖಾಲಿ ಮಾಡಿಕೊಟ್ಟರೆ ಅವರಿಗೂ ಅನುಕೂಲ, ಊರಿಗೂ ಹೆಸರು.

"ಅದು ನನ್ ಕ್ವಾಣೆ" ಅಂದಳು ಅವ್ವ.

"ಯಾರ್ ಇಲ್ಲ ಅಂದೋರು? ಈ ಬೆಳೆ ಕೈಗತ್ತಿದ್ರೆ ಹುಳ ಸಾಕ್ಕೊ, ನಾನ್ ಮಾತೇ ಎತ್ತಲ್ಲ. ಇದೂ ಕೆಟ್ರೆ ಬುಟ್ಕೊಟ್ಬುಡು. ಸುಮ್ನೆ ಮೈ ಯಾಕ್ ಸವಿಸ್ಕೊಂಡೀಯ?"

ಅವ್ವ ಅಜ್ಜಿಯ ಮುಖ ನೋಡಿದಳು. ಅಜ್ಜಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ಆಯ್ತು. ಹಣ್ಣಾಗೋ ದಿನ ನೀವು ಮನೇಲಿರ್ಬೇಕು. ಬಂದೋರ್ನೂ ಕರ್ಕಂಡೋಗ್ಬಾರ್ದು. ಅಷ್ಟೆ ನಾನ್ ಕೇಳದು."

"ಇರ್ತೀನಿ ಬುಡು" ಅಂದ ಅಪ್ಪ.

ನಾನು ಯಾರ ಕಡೆ ಅಂತ ಕೇಳಿದರೆ, ಸಂಶಯವೇ ಬೇಡ, ಅಪ್ಪನ ಕಡೆ. ಬೆಟ್ಟ ಹತ್ತುವುದನ್ನು ನನಗೆ ಕಲಿಸಿದವನು ಅಪ್ಪ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಗಾಲಲ್ಲಿ, ಬೆಳಗಿನ ತಂಪು ಇರುವಾಗಲೇ ಬಂಡೆಗೆ ಅಂಗಾಲು ಕೊಟ್ಟು ನಿಲ್ಲುವುದು. ಕೈಯನ್ನು ನಂಬಬೇಡ, ಕಾಲನ್ನು ನಂಬು ಅನ್ನುತ್ತಿದ್ದ. ಮೂರು ಬಗೆಯ ಗಂಟು ಕಲಿಸಿದ. ಬೆಂಗಳೂರಿನವರು ಬೂಟು ಹಾಕಿಕೊಂಡು ಜಾರುತ್ತಿದ್ದ ಕಡೆ ನಾನು ಅವರ ನೀರಿನ ಕ್ಯಾನು ಹೊತ್ತು ಹತ್ತುತ್ತಿದ್ದೆ. ಅವರಿಗೆ ಅದು ಅಡ್ವೆಂಚರು, ನನಗೂ ಅಷ್ಟೇ ಖುಷಿ, ಅದನ್ನು ಮುಚ್ಚಿಡುವುದಿಲ್ಲ. ಮೇಲೆ ನಿಂತರೆ ಒಂದು ಕಡೆ ಕನಕಪುರದ ರಸ್ತೆ, ಇನ್ನೊಂದು ಕಡೆ ರೈಲು, ಕೆಳಗೆ ನಮ್ಮ ಹೆಂಚು. ಅಲ್ಲಿಂದ ನೋಡಿದರೆ ಅವ್ವ ಹಿತ್ತಲಿನಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದದ್ದು ಕಾಣುತ್ತಿತ್ತು. ಇಳಿದು ಹೋಗಿ ಕೈ ಕೊಡಬೇಕು ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ. ಅವ್ವನದು ಬರೀ ಗೊಣಗಾಟ, ಅಪ್ಪನದು ದೊಡ್ಡ ಮನಸ್ಸು ಅಂತಲೇ ನಾನು ತಿಳಿದಿದ್ದೆ, ಯಾಕೆಂದರೆ ಊರೆಲ್ಲ ಹಾಗೇ ಹೇಳುತ್ತಿತ್ತು.

ಆ ಬೆಳೆಗೆ ಅವ್ವ ಮೈ ಮುರಿದು ದುಡಿದಳು. ಹುಳವೂ ಚೆನ್ನಾಗಿ ಬಂತು. ಕೊನೆಯ ಜ್ವರ ಕಳೆದು ಎದ್ದ ಮೇಲೆ ಒಂದೊಂದು ಹುಳ ನನ್ನ ಬೆರಳಿನಷ್ಟು ದಪ್ಪ. ನಾಳೆಯೋ ನಾಳಿದ್ದೋ ಹಣ್ಣಾಗುತ್ತವೆ ಅನ್ನುವ ದಿನ ಮಧ್ಯಾಹ್ನ ಯಾರೋ ಬಂದು ಕೆರೆಯಲ್ಲಿ ಹೆಣ ತೇಲುತ್ತಿದೆ ಅಂದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಇವತ್ತು ಹೆಣ ಮುಟ್ಟಿದ್ರೆ ನಾಳೆ ಒಳೀಕ್ ಬರಂಗಿಲ್ಲ, ಗೊತ್ತಲ್ವಾ?" ಅಂದಳು. "ಸತ್ತೋರು ಏನ್ ಕಾಯ್ತಾರಾ ಅಮ್ಮಿ?" ಅಂತ ಅಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ಸತ್ತವರೇ ಕಾಯುತ್ತಾರೆ, ಬದುಕಿರುವ ಹುಳ ಕಾಯುವುದಿಲ್ಲ ಅಂತ ಆ ಹೊತ್ತಿಗೆ ಹೇಳಲು ಅವ್ವನಿಗೆ ತೋಚಲಿಲ್ಲ. ನನಗೆ ಈಗ ತೋಚಿ ಏನು ಪ್ರಯೋಜನ? ಅಪ್ಪ ಸಂಜೆ ಬಂದು, ಹಿತ್ತಲಲ್ಲಿ ನೀರು ಹುಯ್ದುಕೊಂಡು, ಜಗಲಿಯ ಮೇಲೆ ಕೂತು ಟೀ ಕುಡಿಯುತ್ತ ಕೆರೆಯ ಕಥೆ ಹೇಳಿದ. ಮನೆಯಲ್ಲಿ ಇರುತ್ತೇನೆ ಅಂದವನು ಮನೆಯಲ್ಲೇ ಇದ್ದ, ಆದರೆ ಹುಳದ ಕೋಣೆಗೆ ಅವನ ಕೈ ಇನ್ನು ಮೂರು ದಿನ ಬರುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಹುಳ ಹಣ್ಣಾದವು. ಮುಯ್ಯಿಗೆ ಎಂಟು ಹತ್ತು ಜನ ಬಂದರು, ಹೆಚ್ಚಿನವರು ಹೆಂಗಸರು, ಜೊತೆಗೆ ಪಕ್ಕದ ಮನೆಯ ನಂಜಪ್ಪ ದೊಡ್ಡಪ್ಪ. ನಾನು ಚಿಕ್ಕವಳಾದ್ದರಿಂದ ನನಗೆ ಅಟ್ಟಣೆಯ ಕೆಳಗಿನ ತಟ್ಟೆಗಳು. ನೆಲಕ್ಕೆ ಕೂತು ಆಯುತ್ತಿದ್ದೆ. ಕೋಣೆಯಲ್ಲಿ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ, ಕೈಗಳು ಮಾತ್ರ ಓಡುತ್ತಿದ್ದವು. ಅವ್ವನ ಮುಖ ಅವತ್ತಿನಷ್ಟು ಚೆಂದವಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ. ಮೂಲೆಯ ಅಟ್ಟಣೆಯ ಕೊನೆಯ ತಟ್ಟೆ ಎಳೆದಾಗ ಅದರ ಹಿಂದೆ, ಸೊಪ್ಪಿನ ಕುಕ್ಕೆಯ ಕೆಳಗೆ, ಹಗ್ಗದ ತುದಿ ಕಾಣಿಸಿತು. ಕಪಿಲೆ ಹಗ್ಗ. ಇದು ಇಲ್ಲಿ ಯಾಕಿದೆ ಅಂತ ನನಗೆ ಅರ್ಥವಾಗಲಿಲ್ಲ. ಕೇಳಲು ತಲೆಯೆತ್ತುವಷ್ಟರಲ್ಲಿ ಹೊರಗೆ ಗದ್ದಲ ಕೇಳಿಸಿತು.

ಕಾಲೇಜು ಹುಡುಗರು ನಾಲ್ಕು ಜನ, ಬೆವರಿ ಬಿಳುಚಿಕೊಂಡು ಅಂಗಳಕ್ಕೆ ಓಡಿಬಂದಿದ್ದರು. ಭಾನುವಾರ ಬರುವ, ಹಗ್ಗ ತರುವ, ತರಬೇತಿ ಪಡೆದ ಗುಂಪು ಇದಲ್ಲ. ಪಿಕ್ನಿಕ್ಕಿಗೆ ಬಂದವರು. ಒಬ್ಬ ಪಂಥ ಕಟ್ಟಿ ಬಂಡೆಯ ಅರ್ಧಕ್ಕೆ ಹತ್ತಿ, ಮೇಲಕ್ಕೂ ಹೋಗಲಾಗದೆ ಕೆಳಕ್ಕೂ ಇಳಿಯಲಾಗದೆ ಸಿಕ್ಕಿಕೊಂಡಿದ್ದಾನೆ ಅಂದರು. ಅಪ್ಪ ಜಗಲಿಯಿಂದ ಎದ್ದ. ಗೂಟ ನೋಡಿದ. ಹಗ್ಗ ಇರಲಿಲ್ಲ.

"ಹಗ್ಗ ಎಲ್ಲೈತೆ?"

ಅಪ್ಪ ನಡುಮನೆಗೆ ಬಂದ, ಅಡುಗೆಮನೆ ನೋಡಿದ, ಹಿತ್ತಲಿಗೆ ಹೋಗಿ ಬಂದ. ಹುಳದ ಕೋಣೆಯ ಹೊಸ್ತಿಲಿಗೆ ಬಂದು ನಿಂತುಬಿಟ್ಟ. ಒಂದು ಕಾಲು ಎತ್ತಿದವನು ಹಾಗೇ ಕೆಳಗಿಟ್ಟ.

"ಇವ್ಳೆ, ಹಗ್ಗ ನೋಡಿದ್ಯಾ?"

"ನಾನ್ಯಾಕ್ ನೋಡ್ಲಿ? ನೆನ್ನೆ ಕೆರೆ ತಾವ್ಲೇ ಬುಟ್ ಬಂದಿದ್ದೀರೇನೋ" ಅಂದಳು ಅವ್ವ, ಹುಳ ಆಯುತ್ತಲೇ.

"ತಂದು ಇಲ್ಲೇ ತಗಲಾಕಿದ್ನಲ್ಲೇ! ಅಲ್ಲೊಬ್ಬ ಹುಡ್ಗ ಬಂಡೇಲ್ ನೇತಾಡ್ತಾವ್ನೆ!"

"ಊರಲ್ಲಿ ಎಲ್ರ ಬಾವೀಲೂ ಹಗ್ಗ ಅವೆ. ಎಲ್ರ ಮನೇಲೂ ಗಂಡಸ್ರವ್ರೆ. ಇವತ್ತೊಂದಿನ ಬ್ಯಾರೆಯೋರು ಹೋಗ್ಲಿ."

ಆಗ ನನಗೆ ಎಲ್ಲ ಅರ್ಥವಾಯಿತು. ಅಪ್ಪ ಕಾಲಿಡಲಾಗದ ಒಂದೇ ಜಾಗ ನೋಡಿ ಅವ್ವ ಬೆಳಕು ಹರಿಯುವ ಮುಂಚೆ ಹಗ್ಗ ತಂದು ಅಲ್ಲಿಟ್ಟಿದ್ದಳು. ಅಜ್ಜಿಯ ಕಾನೂನು ಹೆಣ ಮುಟ್ಟಿದ ಮನುಷ್ಯರಿಗೆ, ಹಗ್ಗದ ಮಾತು ಅದರಲ್ಲಿರಲಿಲ್ಲ. ಅವನ ಸೇವೆಯೇ ಅವನಿಗೆ ಹಾಕಿದ ಬೇಲಿಯನ್ನು ಅವಳು ಬಳಸಿಕೊಂಡಿದ್ದಳು. ಅಷ್ಟು ಬುದ್ಧಿವಂತ ಕೆಲಸವನ್ನು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಮಾಡಿರಲಿಲ್ಲ. ಅವ್ವ ನನ್ನ ಕಡೆ ನೋಡಿದಳು. ನಾನು ತಟ್ಟೆ ಎಳೆದಿದ್ದು, ತುದಿ ಕಂಡಿದ್ದು ಅವಳಿಗೂ ಕಂಡಿತ್ತು. ತಲೆಯನ್ನು ಇಷ್ಟೇ ಇಷ್ಟು ಆಡಿಸಿದಳು. ಬೇಡ ಅಂತ. ಆಮೇಲೆ ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ, "ಹುಳ ಆಯ್ಕೊ, ಸಾವಿ" ಅಂದಳು. ಅವಳು ನನ್ನನ್ನು ಏನನ್ನಾದರೂ ಬೇಡಿಕೊಂಡದ್ದು ನನ್ನ ನೆನಪಿನಲ್ಲಿ ಅದೊಂದೇ.

ನಾನು ಕುಕ್ಕೆ ಸರಿಸಿ ಹಗ್ಗ ಎಳೆದೆ. ಅವ್ವ ಬಂದು ಇನ್ನೊಂದು ತುದಿ ಹಿಡಿದುಕೊಂಡಳು. ಒಂದು ಗಳಿಗೆ ಇಬ್ಬರೂ ಎಳೆದೆವು, ನಾನು ಬಾಗಿಲ ಕಡೆಗೆ, ಅವಳು ತಟ್ಟೆಗಳ ಕಡೆಗೆ. ಇನ್ನೊಂದು ಸಲ ಎಳೆದಿದ್ದರೆ ಅಟ್ಟಣೆಯೇ ಉರುಳುತ್ತಿತ್ತು. ಹುಳ ಬೀಳುತ್ತವಲ್ಲ ಅಂತ ಅವ್ವ ಕೈ ಬಿಟ್ಟಳು. ನಾನು ಹಗ್ಗ ಹೊತ್ತು ಹೊಸ್ತಿಲು ದಾಟಿದೆ. ಅಪ್ಪ "ಭೇಷ್ ಮಗ್ಳೆ!" ಅಂದ. ಅಪ್ಪನ ಹಿಂದೆ ನಾನು ಓಡಿದೆ, ನನ್ನ ಹಿಂದೆ ನಂಜಪ್ಪ ದೊಡ್ಡಪ್ಪ, ಅವನ ಹಿಂದೆ ಮುಯ್ಯಿಗೆ ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ, ಏನಾಗುತ್ತದೋ ನೋಡಿಬರೋಣ ಅಂತ. ಅವರ ಮೇಲೂ ನನಗೆ ಕೋಪವಿದೆ. ಪರರ ಮನೆಯ ಬೆಳೆ ಹಾಳಾಗುತ್ತಿರುವಾಗ ಬಂಡೆ ನೋಡಲು ಹೋದವರು, ಮರುದಿನ ಅದೇ ಅವ್ವನ ಮುಂದೆ ಲೊಚಗುಟ್ಟಲು ಬಂದರು.

ಕರಪತ್ರದಲ್ಲಿರುವುದು ಇದರ ಮುಂದಿನದು. ಬೆಟ್ಟದ ನೆತ್ತಿಗೆ ಗಂಡಸರು ಹೋಗುವ ದಾರಿ ಸುತ್ತುಬಳಸು. ಹಿಂಬದಿಯಲ್ಲಿ ಒಂದು ಸಂದಿ ಇತ್ತು, ಅಪ್ಪನ ಮೈ ಅದರಲ್ಲಿ ಹಿಡಿಯುತ್ತಿರಲಿಲ್ಲ, ನನ್ನದು ಹಿಡಿಯುತ್ತಿತ್ತು. ಹಗ್ಗದ ತುದಿ ಸೊಂಟಕ್ಕೆ ಕಟ್ಟಿಕೊಂಡು ಬೆನ್ನು ಒಂದು ಕಡೆ, ಕಾಲು ಒಂದು ಕಡೆ ಕೊಟ್ಟು ಮೇಲೆ ಹೋದೆ. ಮಿಕ್ಕ ಹಗ್ಗ ಎಳೆದುಕೊಂಡು, ಅಲ್ಲಿದ್ದ ಬಸರಿ ಮರಕ್ಕೆ ಮೂರು ಸುತ್ತು ಹಾಕಿ ಗಂಟು ಬಿಗಿದು ಇನ್ನೊಂದು ತುದಿಯನ್ನು ಕೆಳಗೆ ಬಿಟ್ಟೆ. ಸಿಕ್ಕಿಕೊಂಡಿದ್ದ ಹುಡುಗ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೆಳಗಿನಿಂದ ಅಪ್ಪ ಒಂದೊಂದು ಹೆಜ್ಜೆ ಹೇಳಿಕೊಟ್ಟ ಹಾಗೆ ಇಳಿದ. ಇಷ್ಟೂ ನಿಜ. ಕರಪತ್ರದಲ್ಲಿ ಇಲ್ಲದ ನಿಜ ಎರಡಿವೆ. ನಾನು ಮೇಲಿನಿಂದ ಬಗ್ಗಿ ನೋಡಿದಾಗ ಅವನು ನೇತಾಡುತ್ತಿರಲಿಲ್ಲ. ನಮ್ಮ ಜಗಲಿಯಷ್ಟು ಅಗಲದ ಚಾಚುಗಲ್ಲಿನ ಮೇಲೆ ಕಾಲು ಚಾಚಿ ಕೂತು ಜೇಬಿನಿಂದ ಕಡಲೆಕಾಯಿ ತೆಗೆದು ತಿನ್ನುತ್ತಿದ್ದ. ಮಗ್ಗಲು ಬದಲಿಸಿ ಮಲಗಿದ್ದರೂ ಬೀಳುತ್ತಿರಲಿಲ್ಲ. ಎರಡನೆಯದು, ಅವನನ್ನು ಇಳಿಸುವ ಮುಂಚೆಯೇ ಊರಿನ ಇಬ್ಬರು ಬಾವಿ ಹಗ್ಗಗಳನ್ನು ಒಂದಕ್ಕೊಂದು ಗಂಟು ಹಾಕಿಕೊಂಡು ಬಂಡೆಯ ಬುಡಕ್ಕೆ ಬಂದು ನಿಂತಿದ್ದರು. ಅವ್ವ ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಹಗ್ಗ ಎಳೆದಾಗ ಇದು ನನಗೆ ಗೊತ್ತಿರಲಿಲ್ಲ, ಆ ಒಂದು ಸಮಾಧಾನವನ್ನು ನಾನು ಇಟ್ಟುಕೊಳ್ಳುತ್ತೇನೆ. ಆದರೆ ಗೊತ್ತಾದ ಮೇಲೂ ನಾನು ಯಾರಿಗೂ ಹೇಳಲಿಲ್ಲವಲ್ಲ. ಕೆಳಗೆ ಇಳಿದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡ. ಹನ್ನೆರಡು ವರ್ಷದ ಹುಡುಗಿಯನ್ನು. ಅಲ್ಲಿಂದ ಇಳಿದು ಬಂದು ಕಡಲೆಕಾಯಿ ಅಂತ ಹೇಳುವುದಾದರೂ ಹೇಗೆ?

ಮೆರವಣಿಗೆಯ ಹಾಗೆ ಮನೆಗೆ ಬಂದೆವು. ಮೂರು ಗಂಟೆಯ ಹೊತ್ತಿರಬೇಕು. ಹುಳದ ಕೋಣೆಯಲ್ಲಿ ಅವ್ವ ಮತ್ತು ಅಜ್ಜಿ, ಇಬ್ಬರೇ. ಅಜ್ಜಿಗೆ ಕಣ್ಣು ಮಂಜು, ಹಣ್ಣಾದ ಹುಳ ಯಾವುದು, ಆಗದ್ದು ಯಾವುದು ಅಂತ ಬೆರಳಿನಿಂದ ತಡವಿ ತಿಳಿಯುತ್ತಿದ್ದಳು. ಅರ್ಧಕ್ಕೂ ಹೆಚ್ಚು ತಟ್ಟೆ ಹಾಗೇ ಉಳಿದಿದ್ದವು. ಹುಳ ತಟ್ಟೆಯ ಅಂಚಿಗೆ ಬಂದು, ಅಟ್ಟಣೆಯ ಬಿದಿರಿಗೆ ಹತ್ತಿ, ಒಣಸೊಪ್ಪಿನೊಳಗೆ ನುಗ್ಗಿ ನೂಲು ಬಿಡಲು ಶುರು ಮಾಡಿದ್ದವು. ಆ ಬೆಳೆ ಹೋಯಿತು. ತಿಂಗಳೊಳಗೆ ಅಪ್ಪ ಮಾತಿನ ಪ್ರಕಾರ ಕೋಣೆ ಖಾಲಿ ಮಾಡಿಸಿದ. ಚಂದ್ರಿಕೆಗಳು ಅಟ್ಟಕ್ಕೆ ಹೋದವು. ಗೋಡೆಗೆ ಸುಣ್ಣ ಹೊಡೆದು ಚಾಪೆ ಹಾಸಿದರು. ಬೆಂಗಳೂರಿನವರು ಬಂದು ತಂಗಿದರು, ಅವರ ಜೊತೆ ಒಡನಾಡಿ ನಾನು ಮಾತು ಕಲಿತೆ, ಇಂಗ್ಲಿಷು ಕಲಿತೆ, ನಾಲ್ಕು ಜನರ ಮುಂದೆ ನಿಲ್ಲುವುದನ್ನು ಕಲಿತೆ. ನಾನು ಇವತ್ತು ಏನಾಗಿದ್ದೇನೋ ಅದು ಆ ಕೋಣೆಯಿಂದ ಆದದ್ದು. ಅವ್ವ ಸಾಯುವವರೆಗೂ ಆ ಕೋಣೆಯೊಳಗೆ ಕಾಲಿಡಲಿಲ್ಲ, ಕಸ ಗುಡಿಸುವುದಕ್ಕೂ ನಾನೇ ಹೋಗಬೇಕಿತ್ತು.

ಅವತ್ತು ಅಪ್ಪ ಅಂಗಳದಲ್ಲಿ ನಿಂತು ಕೂಗಿದ.

"ಅನ್ನಕ್ಕಿಡಮ್ಮಿ, ಹುಡುಗ್ರು ಹಸ್ದವ್ರೆ."

ಅವ್ವ ಕೋಣೆಯ ಬಾಗಿಲಿಗೆ ಬಂದಳು. "ಹುಳ ಇನ್ನೂ ತಟ್ಟೇಲೇ ಅವೆ. ಒಸಿ ಇವ್ರನ್ನೆಲ್ಲ ಒಳೀಕ್ ಕಳ್ಸಿ, ಇನ್ನೂ ಒಸಿ ಉಳೀತವೆ" ಅಂದಳು. ಸೋತ ದನಿಯಲ್ಲೂ ಲೆಕ್ಕಾಚಾರ ಬಿಟ್ಟಿರಲಿಲ್ಲ ಅವಳು.

ಅಪ್ಪನಿಗೆ ಆಗ ಹಗ್ಗ ನೆನಪಾಯಿತು. ಎಲ್ಲರೂ ಇದ್ದರು. ಕಾಲೇಜು ಹುಡುಗರು, ನಂಜಪ್ಪ ದೊಡ್ಡಪ್ಪ, ಊರಿನ ಹೆಂಗಸರು.

"ಹುಳ ಅಂತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ? ಹಗ್ಗ ಬಚ್ಚಿಟ್ಟಿದ್ಲು ಕಣ್ರಪ್ಪ ಇವ್ಳು. ಇವತ್ತು ಒಂದು ಜೀವ ತೆಗ್ದುಬುಡ್ತಿದ್ಲು. ನನ್ ಮಗ್ಳು ಇದ್ಲು, ಉಳ್ಕತು."

ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಡುಗರಿಗೆ ಎಷ್ಟು ಅರ್ಥವಾಯಿತೋ, ನೆಲ ನೋಡಿದರು. ಅವ್ವ ನನ್ನ ಮುಖ ನೋಡಲಿಲ್ಲ. ನಾನು ಬಾಯಿ ಬಿಟ್ಟು, ಅವನು ಕೂತುಕೊಂಡಿದ್ದ ಅಪ್ಪ, ಬಾವಿ ಹಗ್ಗ ಬಂದಿದ್ದವು ಅಪ್ಪ, ಅಂತ ಎರಡು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅಷ್ಟು ಜನರ ಮುಂದೆ ನನ್ನ ಹೆಸರು ಹಾಳುಮಾಡಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ರಾಜಕೀಯ ನಾನು ಕಲಿತದ್ದು ಅಲ್ಲೇ ಇರಬೇಕು. ಅವ್ವ ಕೈ ತೊಳೆದು ಅಡುಗೆಮನೆಗೆ ಹೋದಳು.

ಹದಿನೈದು ಜನರಿಗೆ ಅನ್ನ, ಹುರುಳಿಕಾಳಿನ ಸಾರು. ನಡುಮನೆಯಲ್ಲಿ ಎಲೆ ಹಾಕುವ ಹೊತ್ತಿಗೆ ನಾನು ಅಡುಗೆಮನೆಗೆ ಹೋಗಿ ನಿಂತೆ.

"ನಾನ್ ಬಡಿಸ್ತೀನಿ ಅವ್ವ."

"ಬ್ಯಾಡ. ಹೋಗಿ ನಿಮ್ಮಪ್ಪನ ಪಕ್ಕ ಕೂತ್ಕೊ."

"ಆಮ್ಯಾಕೆ ನಿನ್ ಜೊತೆ ಉಣ್ತೀನಿ."

"ಯಾಕೆ? ಬೆಟ್ಟ ಹತ್ತಿ ಬಂದಿದ್ದೀಯ, ಹಸ್ದಿರ್ತೀಯ. ಕೂತ್ಕೊ ಹೋಗು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಅಲ್ಲೇ ನಿಂತಿರುತ್ತಿದ್ದೆನೋ ಏನೋ. ಹೋಗಿ ಕೂತೆ. ಗಂಡಸರ ಸಾಲಿನಲ್ಲಿ, ಅಪ್ಪನ ಮಗ್ಗುಲಲ್ಲಿ, ಮೊದಲ ಸಲ. ನನ್ನ ಆಚೆ ಪಕ್ಕ ಆ ಹುಡುಗ. ಅವನು ನನ್ನ ತಲೆ ಸವರಿ "ಥ್ಯಾಂಕ್ಸ್ ಪಾಪು" ಅಂದ. ಅವನ ಹೆಸರೇನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಅವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಪ್ಪ ಸಂದಿಯ ಕಥೆಯನ್ನು ಎರಡನೇ ಸಲ ಶುರು ಮಾಡಿದ, ಎಲ್ಲರೂ ನನ್ನನ್ನೇ ನೋಡಿದರು, ನನಗೆ ಮೈಯೆಲ್ಲ ಬಿಸಿಯಾಯಿತು. ಕೂತ ಕಡೆಯಿಂದ ಹುಳದ ಕೋಣೆಯ ಬಾಗಿಲು ಎದುರಿಗೇ ಕಾಣುತ್ತಿತ್ತು. ಒಳಗೆ ಅಜ್ಜಿ ಒಬ್ಬಳೇ ತಟ್ಟೆ ತಡವುತ್ತಿದ್ದಳು. ಸಾರು ಚೆನ್ನಾಗಿತ್ತು. ನನಗೆ ಹಸಿವಾಗಿತ್ತು. ಎಲೆಯಲ್ಲಿದ್ದದ್ದೆಲ್ಲ ಉಂಡೆ. ಅವ್ವ ಅನ್ನದ ಪಾತ್ರೆ ಹಿಡಿದು ಸಾಲಿನಲ್ಲಿ ಬಗ್ಗಿ ಬಗ್ಗಿ ಬರುತ್ತ ನನ್ನ ಎಲೆಯ ಮುಂದೆ ನಿಂತಳು. ಅವಳ ಬೆರಳಿನ ಸಂದಿಯಲ್ಲಿ ರೇಷ್ಮೆಯ ಎಳೆ ಇನ್ನೂ ಅಂಟಿಕೊಂಡಿತ್ತು.

"ಇನ್ನೊಸಿ ಇಕ್ಲಾ?" ಅಂದಳು.

"ಇಕ್ಕವ್ವ" ಅಂದೆ.